ಕಲ್ಲಿನ ಸಿಂಹಕ್ಕೆ ಹುಣಸೆಹಣ್ಣು ಬೇಡ

ಚಿ. ಸೌ. ವಸುಧಾಳಿಗೆ ಮಾವನ ಆಶೀರ್ವಾದಗಳು.

ಸಿಂಗಪುರದಿಂದ ನೀನು ಕಳಿಸಿದ ಫೋಟೋಗಳನ್ನು ಮೂರು ಸಲ ನೋಡಿದೆ. ಪಕ್ಕದ ಮನೆಯ ಚೀನೀ ಅಜ್ಜಿ ಮನೆ ಖಾಲಿ ಮಾಡುವಾಗ ಮೇಲೆ ಸಿಂಹ ಕೆತ್ತಿದ, ಹೆಸರು ಒತ್ತುವ ಈ ಕಲ್ಲಿನ ಮುದ್ರೆಯನ್ನು ನಿನ್ನ ಕೈಗೇ ಕೊಟ್ಟರಲ್ಲ, ಸಣ್ಣ ಮಾತಲ್ಲ ಅದು. "ಇದು ಬೆಲೆಬಾಳುವ ಜೇಡ್ ಕಲ್ಲಾ ಮಾವ? ಚಾಕುವಿನಲ್ಲಿ ಗೀರಿ ನೋಡಲಾ?" ಅಂತ ಕೇಳಿದ್ದೀಯ. ಮೊದಲು ಚಾಕುವನ್ನು ಅಡುಗೆಮನೆಗೆ ವಾಪಸ್ ಇಡು.

ಜೇಡ್ ಇರಲಾರದು. ಕಲ್ಲಿನ ಗಡಸುತನವನ್ನು 1ರಿಂದ 10ರ ಅಳತೆಯಲ್ಲಿ ಹೇಳುತ್ತಾರೆ; ಜೇಡಿನದು 6ರಿಂದ 7, ಚಾಕುವಿನದು ಸುಮಾರು 5.5, ಹಾಗಾಗಿ ಚಾಕುವಿಗೂ ಅದು ಸುಲಭಕ್ಕೆ ಗೀರುವುದಿಲ್ಲ. ನಿನ್ನ ಕಲ್ಲಿನ ಅಂಚಿನಲ್ಲಿ ಈಗಾಗಲೇ ಸಣ್ಣ ಗೀರುಗಳು ತುಂಬಿವೆ. ಅಂದರೆ ಮೆತ್ತನೆ ಕಲ್ಲು. ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ ನೆನಪಿದೆಯಾ? ಬೇಲೂರಿನ ಶಿಲಾಬಾಲಿಕೆಯರನ್ನು ಕೆತ್ತಿದ್ದೂ ಬಳಪದ ಕಲ್ಲಿನಲ್ಲೇ. ಮುದ್ರೆಯ ಕಲ್ಲಿನಲ್ಲಿ ಖನಿಜ ಸ್ವಲ್ಪ ಬೇರೆ, ಸ್ವಭಾವ ಹೆಚ್ಚುಕಮ್ಮಿ ಅದೇ. ಉಗುರು ತಾಗಿದರೂ ಗೀರು ಬೀಳಬಹುದು.

ಜೇಡ್ ಅಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳಬೇಡ. ಮುದ್ರೆಯ ವಿಷಯದಲ್ಲಿ ಚೀನಾದವರು ಮೆತ್ತನೆ ಕಲ್ಲನ್ನೇ ಮೆಚ್ಚಿದವರು. ಮೊದಲೆಲ್ಲ ಕಂಚು, ಜೇಡ್, ದಂತದ ಮುದ್ರೆಗಳು ಇದ್ದವು. ಮಿಂಗ್ ರಾಜಮನೆತನದ ಕಾಲದ ವೆನ್ ಪೆಂಗ್ (1498–1573) ಝೆಜಿಯಾಂಗ್ ಪ್ರಾಂತ್ಯದ ಚಿಂಗ್‌ಟಿಯಾನ್ ಕಲ್ಲಿನಲ್ಲಿ ಕೆತ್ತಿ ಹೆಸರಾದ. ಓದು ಬರಹ ಬಲ್ಲವರು ತಾವೇ ಉಳಿ ಹಿಡಿಯುವಂತಾಯಿತು. ಫುಜಿಯಾನ್‌ನ ಶೋಶಾನ್ ಕಲ್ಲು ಇನ್ನೊಂದು. ಅದರಲ್ಲೇ ತಿಯಾನ್‌ಹ್ವಾಂಗ್ ಅನ್ನುವ ಹಳದಿ ಕಲ್ಲಿಗೆ ಮೂರು ಪಟ್ಟು ತೂಕದ ಚಿನ್ನ ಕೊಡಬೇಕು ಅನ್ನುವ ಮಾತು ಅವರಲ್ಲಿದೆ. ನಿನ್ನದೂ ಹಳದಿ ಅಂತ ಈಗಲೇ ಕನಸು ಕಾಣಬೇಡ ಮತ್ತೆ. ಬಣ್ಣ ಹಾಕಿ ಮಾರುವವರೂ ಬೇಕಾದಷ್ಟಿದ್ದಾರೆ.

ಹಳೆಯದು ಹೌದೋ ಅಲ್ಲವೋ ಅನ್ನುವುದಕ್ಕೆ ಸವೆತ ನೋಡು. ರಾತ್ರಿ ಲೈಟ್ ಆರಿಸಿ ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿ. ಸಿಂಹದ ಬೆನ್ನು, ತಲೆ, ಬೆರಳು ಕೂರುವ ಜಾಗ ನುಣ್ಣಗಾಗಿ, ಗುಂಗುರು ಕೂದಲಿನ ಒಳಗೆರೆಗಳು ಚೂಪಾಗಿಯೇ ಇದ್ದರೆ ಒಳ್ಳೆಯ ಲಕ್ಷಣ. ಎಲ್ಲ ಕಡೆ ಒಂದೇ ಸಮ ಕಂದು ಕೊಳೆ ಇದ್ದರೆ ನನಗೆ ಅನುಮಾನ. ಹಳೆಯದಾಗಿ ಕಾಣಲಿ ಅಂತ ಬೂಟ್ ಪಾಲಿಶ್ ಬಳಿಯುವವರನ್ನೂ ಕಂಡಿದ್ದೇನೆ. ಕೆಳಗಿನ ಅಕ್ಷರ ತಿರುವುಮುರುವಾಗಿದೆ. ಫೋಟೋ ತೆಗೆದು ಫ್ಲಿಪ್ ಮಾಡಿದರೆ ಸರಿಯಾಗಿ ಕಾಣುತ್ತದೆ. ಆದರೆ ಅದೊಂದನ್ನೇ ನಂಬಬೇಡ. ಹಳೇ ಮುದ್ರೆಯ ಮುಖ ಉಜ್ಜಿ ತಮ್ಮ ಹೆಸರು ಕೆತ್ತಿಸಿಕೊಳ್ಳುವ ರೂಢಿ ಅಲ್ಲಿತ್ತು. ಕಲ್ಲು ಅಜ್ಜನದು, ಅಕ್ಷರ ಮೊಮ್ಮಗನದು ಇರಬಹುದು. ಪಕ್ಕದಲ್ಲಿ ಸಣ್ಣ ಅಕ್ಷರದ ಸಾಲು ಇದೆಯಾ ನೋಡು, ಕೆತ್ತಿದವನು ಸಹಿ ಹಾಕುವುದು ಅಲ್ಲಿ.

ಈಗ ತೊಳೆಯುವ ವಿಷಯ. ಇದನ್ನು ಹೇಳುವುದಕ್ಕೆ ನಾಚಿಕೆ. ನನಗೆ ಇಪ್ಪತ್ತೈದು ವಯಸ್ಸಿದ್ದಾಗ, ಒಬ್ಬರ ಮನೆಯ ಚೀನೀ ಅಮೃತಶಿಲೆಯ ಬುದ್ಧನ ತಲೆಗೆ ಹುಣಸೆಹಣ್ಣು ಉಜ್ಜಿದೆ. ಹಿತ್ತಾಳೆ ದೀಪಕ್ಕೆ ಅಮ್ಮ ಉಜ್ಜುತ್ತಿದ್ದ ಹಾಗೆ. ಹುಳಿ ಅಮೃತಶಿಲೆಯನ್ನು ತಿನ್ನುತ್ತದೆ ಅಂತ ಗೊತ್ತೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಕೆನ್ನೆಯ ಹೊಳಪು ಹೋಗಿ ಸುಣ್ಣದ ಗೋಡೆಯಂತಾಯಿತು. ಅದು ವಾಪಸ್ ಬರಲೇ ಇಲ್ಲ. ಆ ಮನೆಯವರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಹಾಗಾಗಿ ನಿಂಬೆ, ಸೋಪು, ಹಲ್ಲುಜ್ಜುವ ಬ್ರಶ್ ಯಾವುದೂ ಬೇಡ. ಮೇಕಪ್ಪಿನ ಮೆತ್ತನೆ ಬ್ರಶ್ಶು, ಹೊಸದು, ಅದರಲ್ಲಿ ಧೂಳು ತೆಗೆದರೆ ಸಾಕು. ಅಕ್ಷರದ ಸಂದಿಯಲ್ಲಿರುವ ಕೆಂಪನ್ನು ಕೆರೆಯಬೇಡ. ಹಳೇ ಮುದ್ರೆ ಮಸಿಯಲ್ಲಿ ಪಾದರಸದ ಸಿಂಧೂರ ಇರುತ್ತದೆ, ಮುಟ್ಟಿದ ಮೇಲೆ ಕೈ ತೊಳೆದುಕೋ, ಪಾಪುಗೆ ಆಡಲು ಕೊಡಬೇಡ. ಶೋಶಾನ್ ಕಲ್ಲಿಗೆ ಅಲ್ಲಿನವರು ಚಹಾ ಬೀಜದ ಎಣ್ಣೆ ಸವರುತ್ತಾರೆ, ನಿಜ. ಯಾವ ಕಲ್ಲು ಅಂತ ಗೊತ್ತಾಗುವ ತನಕ ನೀನು ಸವರಬೇಡ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಶೋಕೇಸಿನ ಬಿಸಿ ಬಲ್ಬಿನ ಕೆಳಗೂ ಇಡಬೇಡ, ಬಿರುಕು ಬಿಡಬಹುದು. ಎತ್ತುವಾಗ ಸಿಂಹದ ತಲೆ ಹಿಡಿಯದೆ, ಬುಡಕ್ಕೆ ಕೈ ಕೊಟ್ಟು, ಕೆಳಗೆ ಟವೆಲ್ ಹಾಸಿಕೊಂಡು ಎತ್ತು.

ಬೆಲೆ ನಾನು ಹೇಳಲ್ಲ. ಈ ವಾರವೇ ಆ ಅಜ್ಜಿಗೆ ಫೋನ್ ಮಾಡು. ಮುದ್ರೆಯಲ್ಲಿರುವ ಹೆಸರು ಯಾರದು, ಯಾವ ಊರಿನಿಂದ ಬಂತು ಅಂತ ಕೇಳಿ, ಅವರ ಮಾತಿನಲ್ಲೇ ಬರೆದಿಟ್ಟುಕೋ. ಅವರಿಗೆ ಎಂಬತ್ತು ದಾಟಿದೆ ಅಂದೆಯಲ್ಲ. ಟಾರ್ಚಿನ ಫೋಟೋ ಕಳಿಸುವುದನ್ನು ಮರೆಯಬೇಡ.

ನಿನ್ನ ಮಾವ