ಸನ್ಮಾನಿತರ ಪಟ್ಟಿ ಬರೆಯುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ವಾರವಾಯಿತು. ಪ್ರವಾಹ ಬಂದುಹೋಗಿ ವರ್ಷ ತುಂಬುವ ಹೊತ್ತಿಗೆ, ಆಗ ಜನರಿಗೆ ನೆರವಾದವರನ್ನು ಗುರುತಿಸಿ ಪೌರ ಸನ್ಮಾನ ಮಾಡಬೇಕೆಂದು ನಿಮ್ಮ ನಗರಸಭೆ ತೀರ್ಮಾನಿಸಿದೆ ಎಂದೂ, ಆಯ್ಕೆ ಸಮಿತಿಯಲ್ಲಿ ನಿನ್ನನ್ನೂ ಸೇರಿಸಿದ್ದಾರೆ ಎಂದೂ ಓದಿ ಸಂತೋಷವಾಯಿತು. ಯಾರನ್ನು ಬಿಟ್ಟರೂ ಬೇಸರ, ಯಾರನ್ನು ಆರಿಸಿದರೂ ಒಂದು ಮಾತು ತಪ್ಪಿದ್ದಲ್ಲ, ಇದನ್ನು ಹೇಗೆ ನಿಭಾಯಿಸಲಿ ಎಂದು ಕೇಳಿದ್ದೀಯ. ಅಂಥದ್ದೇ ಒಂದು ಸಮಿತಿಯಲ್ಲಿ ನಾನೂ ಕೆಲವು ವರ್ಷಗಳ ಹಿಂದೆ ಕುಳಿತಿದ್ದೆ. ಅಲ್ಲಿ ನಾವೊಂದು ತಪ್ಪು ಮಾಡಿದೆವು. ಅದನ್ನು ಹೇಳದೆ ನಿನಗೆ ಸಲಹೆ ಕೊಡುವುದು ಸರಿಯಲ್ಲವೆನಿಸಿ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಇಂಥ ಪಟ್ಟಿ ಮಾಡಲು ಕೂರುವವರು ಬೇರೆ ಊರುಗಳಲ್ಲೂ ಇರುತ್ತಾರಲ್ಲ. ಅವರಿಗೂ ಉಪಯೋಗಕ್ಕೆ ಬಂದೀತೆಂದು, ನಿನ್ನ ಒಪ್ಪಿಗೆ ಪಡೆದು, ಈ ಪತ್ರವನ್ನು ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಸಮಿತಿ ಸಭೆ ಸೇರಿದ್ದು ನೆರೆ ಇಳಿದ ಆರನೆಯ ವಾರದಲ್ಲಿ. ಅರ್ಜಿ ಸಲ್ಲಿಸಲು ಹದಿನೈದು ದಿನಗಳ ಗಡುವು ಕೊಟ್ಟಿದ್ದೆವು. ಬಂದ ಅರ್ಜಿಗಳಲ್ಲಿ ಹೆಚ್ಚಿನವುಗಳ ಜೊತೆ ಫೋಟೊಗಳಿದ್ದವು: ದೋಣಿಯಲ್ಲಿ ನಿಂತವರು, ಲಾರಿಯಿಂದ ಚೀಲ ಇಳಿಸುತ್ತಿರುವವರು, ಕಂಬಳಿ ಹಂಚುತ್ತಿರುವವರು. ಪತ್ರಿಕೆಗಳ ತುಣುಕು ಅಂಟಿಸಿದ ಅರ್ಜಿಗಳನ್ನು ಮೊದಲು ಕೈಗೆತ್ತಿಕೊಂಡೆವು. ನಮಗೆ ಅರಿವಿಲ್ಲದೆಯೇ ಅವಕ್ಕೆ ಹೆಚ್ಚು ತೂಕ ಕೊಟ್ಟೆವು. ನಾವು ಆರಿಸಿದವರಲ್ಲಿ ಅನರ್ಹರು ಒಬ್ಬರೂ ಇರಲಿಲ್ಲ, ಆ ಮಾತನ್ನು ಇಂದಿಗೂ ಧೈರ್ಯವಾಗಿ ಹೇಳುತ್ತೇನೆ. ಆದರೆ ಸಮಾರಂಭ ಮುಗಿದು ಸಭಾಂಗಣದಿಂದ ಹೊರಬರುತ್ತಿದ್ದಾಗ ವಯಸ್ಸಾದ ಒಬ್ಬರು ನನ್ನ ಕೈ ಹಿಡಿದು ನಿಲ್ಲಿಸಿ, "ಎಲ್ಲ ಚೆನ್ನಾಗಿ ಮಾಡಿದಿರಿ ಸ್ವಾಮಿ, ಆದರೆ ಆ ಪುಸ್ತಕದಮ್ಮನನ್ನು ಯಾಕೆ ಕರೆಯಲಿಲ್ಲ?" ಎಂದು ಕೇಳಿದರು. ಪುಸ್ತಕದಮ್ಮ ಯಾರೆಂದು ಸಮಿತಿಯಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

ಮರುದಿನ ಹುಡುಕಿಕೊಂಡು ಹೋದೆ. ಬಟ್ಟೆ ಹೊಲಿದು ಜೀವನ ಸಾಗಿಸುತ್ತಿದ್ದ ಹೆಣ್ಣುಮಗಳು. ಅವರ ಮನೆಯೊಳಗೂ ಸೊಂಟದೆತ್ತರ ಕೆಸರು ತುಂಬಿದ್ದರಿಂದ ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲೇ ಉಳಿದುಕೊಂಡಿದ್ದರು. ಅವರು ತೋರಿಸಿದ್ದು ಯಾವುದೋ ಮಗು ಅರ್ಧ ಬರೆದು ಬಿಟ್ಟಿದ್ದ ಒಂದು ನೋಟುಪುಸ್ತಕ. ತೇವಕ್ಕೆ ಹಾಳೆಗಳು ಉಬ್ಬಿ ಪುಸ್ತಕ ಎರಡರಷ್ಟು ದಪ್ಪವಾಗಿತ್ತು. ಉಳಿದ ಹಾಳೆಗಳಲ್ಲಿ ಅಡ್ಡಪಟ್ಟಿ ಹಿಡಿದು ಗೆರೆ ಎಳೆದು ಅಂಕಣಗಳನ್ನು ಮಾಡಿದ್ದರು: ಹೆಸರು, ಯಾವ ಕೊಠಡಿ, ಯಾವ ಕಾಯಿಲೆಗೆ ಔಷಧಿ, ಎಷ್ಟು ಗುಳಿಗೆ ಉಳಿದಿದೆ, ಯಾವ ದಿನಕ್ಕೆ ಮುಗಿಯುತ್ತದೆ. ಔಷಧಿ ಚೀಟಿಗಳು ನೀರುಪಾಲಾಗಿದ್ದ ಕಾರಣ, ಗುಳಿಗೆಯ ಹೆಸರು ಹೇಳಲಾಗದವರಿಂದ ಗುಳಿಗೆ ಮುಗಿದ ಖಾಲಿ ಪಟ್ಟಿಯನ್ನಾದರೂ (ಸ್ಟ್ರಿಪ್) ಕೇಳಿ ಪಡೆದು ಅವರ ಹೆಸರಿನ ಮುಂದೆ ಇಟ್ಟಿದ್ದರು. ಒದ್ದೆ ಕಾಗದಕ್ಕೆ ಗೋಂದು ಹಿಡಿಯದೆ ಹೋದಾಗ ಸೂಜಿ ದಾರ ತೆಗೆದುಕೊಂಡು ಆ ಪಟ್ಟಿಗಳನ್ನು ಹಾಳೆಗೆ ಹೊಲಿದಿದ್ದರು. ದಿನವೂ ಸಂಜೆ ಕೊಠಡಿಯಿಂದ ಕೊಠಡಿಗೆ ಹೋಗಿ ಎಣಿಸುವುದು, ಬೆಳಿಗ್ಗೆ ಆರೋಗ್ಯ ಸಿಬ್ಬಂದಿ ಬಂದ ಕೂಡಲೇ ಸಕ್ಕರೆ ಕಾಯಿಲೆಯವರಲ್ಲಿ, ರಕ್ತದೊತ್ತಡದವರಲ್ಲಿ, ಮೂರ್ಛೆರೋಗದವರಲ್ಲಿ ಯಾರ ಔಷಧಿ ಮುಗಿಯುತ್ತ ಬಂದಿದೆ ಎಂದು ಓದಿ ಹೇಳುವುದು, ಇಷ್ಟೇ ಅವರ ಕೆಲಸ. ನಾವು ಮೇಜಿನ ಸುತ್ತ ಕುಳಿತು ಅಂಕ ಹಾಕುತ್ತಿದ್ದ ದಿನವೂ ಅವರು ಅದನ್ನು ಬರೆಯುತ್ತಲೇ ಇದ್ದರು. ದಿನಾಂಕ ನೋಡಿ ನನಗದು ತಿಳಿಯಿತು. ಅರ್ಜಿ ಯಾಕೆ ಹಾಕಲಿಲ್ಲವೆಂದು ಕೇಳಿದರೆ, "ನಾನು ಬರೆದುಕೊಂಡೆ ಅಷ್ಟೇ, ಇದಕ್ಕೂ ಅರ್ಜಿ ಇರುತ್ತದೆಯೇ?" ಎಂದರು.

ಗೆಳೆಯ, ನಾನು ಹೇಳಬೇಕಾದದ್ದು ಇದೊಂದೇ: ನೆರವು ಕೊಟ್ಟವರಿಂದ ಅರ್ಜಿ ತರಿಸಿಕೊಂಡು ಕೂರಬೇಡಿ, ನೆರವು ಪಡೆದವರ ಬಳಿಗೆ ನೀವೇ ಹೋಗಿ. ಆ ದಿನಗಳಲ್ಲಿ ಯಾರು ಇಲ್ಲದಿದ್ದರೆ ನಿಮಗೆ ದಿಕ್ಕು ತೋಚುತ್ತಿರಲಿಲ್ಲ ಎಂಬ ಒಂದೇ ಪ್ರಶ್ನೆಯನ್ನು ಮನೆಮನೆಯಲ್ಲೂ ಕೇಳಿ. ಹತ್ತು ಮನೆಗಳಲ್ಲಿ ಒಂದೇ ಹೆಸರು ಬಂದರೆ, ಆ ಹೆಸರಿಗೆ ಬೇರೆ ಶಿಫಾರಸು ಬೇಕಿಲ್ಲ. ಹಾಗೆ ಕೇಳುವಾಗ ಒಂದು ಎಚ್ಚರವಿರಲಿ. ಕಷ್ಟಕ್ಕೆ ಸಿಕ್ಕಿದವರನ್ನು ವೇದಿಕೆಗೆ ಕರೆತಂದು ಕೃತಜ್ಞತೆ ಹೇಳಿಸುವುದಾಗಲಿ, ಅವರ ಕಾಯಿಲೆ, ಸಾಲ, ಮನೆಯ ಸ್ಥಿತಿಯನ್ನು ಸನ್ಮಾನ ಪತ್ರದಲ್ಲಿ ಓದಿಸುವುದಾಗಲಿ ಕೂಡದು. ಒಬ್ಬರಿಗೆ ಮರ್ಯಾದೆ ಮಾಡಲು ಹೋಗಿ ಇನ್ನೊಬ್ಬರ ಮರ್ಯಾದೆ ಕಳೆದಂತಾಗುತ್ತದೆ.

ಕಣ್ಣಿಗೆ ಬಿದ್ದವರಿಗೆ ಗೌರವ ಸಲ್ಲಬಾರದೆಂದು ನಾನು ಹೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಕಡಲತೀರದ ಮೀನುಗಾರರು ದೋಣಿಗಳನ್ನು ಲಾರಿಗಳಿಗೆ ಹೇರಿಕೊಂಡು ಒಳನಾಡಿಗೆ ಬಂದದ್ದು ನಿನಗೆ ನೆನಪಿರಬೇಕು. ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬ ಮೀನುಗಾರರು ನೀರಿನಲ್ಲಿ ಬಾಗಿ, ಹೆಂಗಸರು ದೋಣಿ ಹತ್ತಲು ತಮ್ಮ ಬೆನ್ನನ್ನೇ ಮೆಟ್ಟಿಲು ಮಾಡಿಕೊಟ್ಟ ವಿಡಿಯೊವನ್ನು ದೇಶವೆಲ್ಲ ನೋಡಿತು. ಅವರಿಗೆ ಸಿಕ್ಕ ಮನ್ನಣೆ ಸಿಗಬೇಕಾದದ್ದೇ. ಆದರೆ ಆ ದಿನಗಳಲ್ಲಿ ನೀರಿಗಿಳಿದ ಮೀನುಗಾರರು, ರಾಜ್ಯ ಸರ್ಕಾರದ ಲೆಕ್ಕದಂತೆ, ಸುಮಾರು 4,500 ಮಂದಿ; ದೋಣಿಗಳು 669; ಅವರು ಪಾರುಮಾಡಿದ ಜನ 65,000ದಷ್ಟು. ಪಕ್ಕದಲ್ಲಿ ಮೊಬೈಲ್ ಹಿಡಿದವರಿಲ್ಲದೆ ಹೋದ ಉಳಿದ ಬೆನ್ನುಗಳೂ ಅಷ್ಟೇ ನೋವು ತಿಂದಿದ್ದವು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು ಮೀನುಗಾರರನ್ನು ಕೇರಳದ ಸ್ವಂತ ಸೈನ್ಯವೆಂದು ಕರೆದು, ತಿರುವನಂತಪುರದಲ್ಲಿ ಅವರನ್ನು ಒಟ್ಟಾಗಿ ಸನ್ಮಾನಿಸಿದ್ದು ನನಗೆ ಈ ಕಾರಣಕ್ಕೇ ಮೆಚ್ಚುಗೆಯಾಯಿತು. ಅದಕ್ಕಿಂತಲೂ ಹೆಚ್ಚು ಮೆಚ್ಚುಗೆಯಾದದ್ದು, ರಕ್ಷಣಾ ಕಾರ್ಯದಲ್ಲಿ ಹಾನಿಗೊಂಡ ದೋಣಿಗಳನ್ನು ರಿಪೇರಿ ಮಾಡಿಸಿಕೊಡುವುದಾಗಿ ಸರ್ಕಾರ ಹೇಳಿದ್ದು. ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಕೊಡುವುದಾಗಿ ಪ್ರಕಟಿಸಿದಾಗ, ಅಣ್ಣತಮ್ಮಂದಿರನ್ನು ಉಳಿಸಿದ್ದಕ್ಕೆ ದುಡ್ಡು ಬೇಡವೆಂದು ಮೀನುಗಾರರಲ್ಲೇ ಕೆಲವರು ಹೇಳಿದರು. ಆದರೆ ಒಡೆದ ದೋಣಿಯ ಮಾತು ಬೇರೆ, ಅದು ಅವರ ನಾಳೆಯ ಅನ್ನ. ನಿಮ್ಮ ಪಟ್ಟಿಯಲ್ಲಿರುವವರೂ ಪರರ ನೆರವಿಗೆ ಹೋಗಿ ಏನನ್ನು ಕಳೆದುಕೊಂಡಿದ್ದಾರೆಂದು ವಿಚಾರಿಸು. ಸನ್ಮಾನ ಫಲಕಕ್ಕೆ ಮೊದಲು ಆ ನಷ್ಟ ತುಂಬಿಕೊಡಲು ನಗರಸಭೆಗೆ ಹೇಳುವ ಅಧಿಕಾರ ನಿಮ್ಮ ಸಮಿತಿಗೆ ಇಲ್ಲದಿರಬಹುದು; ಹೇಳುವ ಹೊಣೆಯಂತೂ ಇದೆ.

ವರ್ಷದ ನಂತರ ಪಟ್ಟಿ ಮಾಡುತ್ತಿರುವುದು ನಿಮ್ಮ ಅದೃಷ್ಟ. ಆರು ವಾರಗಳಲ್ಲಿ ನಮಗೆ ಕಂಡದ್ದು ಮೊದಲ ಮೂರು ದಿನಗಳ ಸಾಹಸ ಮಾತ್ರ. ಜಪಾನಿನ ಕೋಬೆ ನಗರವನ್ನು 1995ರ ಜನವರಿ 17ರಂದು ಭೂಕಂಪ ಕೆಡವಿತು. 6,434 ಮಂದಿ ಸತ್ತರು. ಕುಸಿದ ಮನೆಗಳಡಿ ಸಿಕ್ಕಿಕೊಂಡವರಲ್ಲಿ ಬದುಕಿ ಬಂದ ಬಹುಪಾಲು ಜನರನ್ನು ಹೊರಗೆಳೆದವರು ಮನೆಯವರು ಮತ್ತು ನೆರೆಹೊರೆಯವರು. ಆಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದರು, ಆ ವರ್ಷವನ್ನು ಅಲ್ಲಿನವರು ಸ್ವಯಂಸೇವೆಯ ಮೊದಲ ವರ್ಷವೆಂದೇ ಕರೆದರು, ಜನವರಿ 17 ಅಲ್ಲಿ ವಿಪತ್ತು ತಡೆ ಮತ್ತು ಸ್ವಯಂಸೇವಕರ ದಿನವಾಯಿತು. ನಾನು ನಿನ್ನ ಗಮನಕ್ಕೆ ತರಬೇಕೆಂದಿರುವುದು ಅದರ ನಂತರದ ಸಂಗತಿ. ತಾತ್ಕಾಲಿಕ ವಸತಿಗಳಿಗೆ ಹೋದ ವೃದ್ಧರು ಹಳೆಯ ಕೇರಿ, ಹಳೆಯ ಪರಿಚಯದವರಿಂದ ದೂರವಾಗಿ ಒಬ್ಬಂಟಿಯಾದರು. ಅವರಲ್ಲಿ ಎಷ್ಟೋ ಮಂದಿ ಯಾರಿಗೂ ತಿಳಿಯದಂತೆ ಕೋಣೆಯೊಳಗೇ ತೀರಿಕೊಂಡರು. ಇದನ್ನು ಕಂಡು ದಿನವೂ ಆ ಬಾಗಿಲುಗಳನ್ನು ತಟ್ಟಿ, ಎರಡು ಮಾತಾಡಿ, ಮುಂದಿನ ಬಾಗಿಲಿಗೆ ಹೋಗುವುದನ್ನೇ ಸೇವೆಯಾಗಿ ಮಾಡಿಕೊಂಡವರಿದ್ದರು. ಆ ವಸತಿಗಳು ಪೂರ್ತಿ ತೆರವಾಗಲು ಐದು ವರ್ಷಗಳೇ ಹಿಡಿದವು. ಎಂಟನೆಯ ತಿಂಗಳಲ್ಲಿ ಬಾಗಿಲು ತಟ್ಟಿದವರ ಫೋಟೊವನ್ನು ಯಾರೂ ತೆಗೆದಿರುವುದಿಲ್ಲ. ಅಂಥವರು ನಿಮ್ಮಲ್ಲೂ ಇದ್ದಾರೆ, ಹುಡುಕು.

ಗುಂಪಾಗಿ ದುಡಿದವರನ್ನು ಹೇಗೆ ಗೌರವಿಸುವುದು ಎಂಬ ತೊಡಕು ನಿನಗೂ ಎದುರಾಗುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2010ರ ಸೆಪ್ಟೆಂಬರ್‌ನಲ್ಲಿ ಒಮ್ಮೆ, 2011ರ ಫೆಬ್ರುವರಿಯಲ್ಲಿ 185 ಜನರನ್ನು ಬಲಿತೆಗೆದುಕೊಂಡು ಮತ್ತೊಮ್ಮೆ ಭೂಮಿ ನಡುಗಿದಾಗ, ನೆಲದಡಿಯ ನೀರು ಮರಳು ಹೂಳನ್ನು ಹೊತ್ತು ಮೇಲಕ್ಕುಕ್ಕಿ ಬೀದಿ, ಅಂಗಳಗಳಲ್ಲೆಲ್ಲ ತುಂಬಿಕೊಂಡಿತು. ಸಾವಿರಾರು ವಿದ್ಯಾರ್ಥಿಗಳು ಸಲಿಕೆ, ಕೈಗಾಡಿ ಹಿಡಿದು ಅದನ್ನು ಬಳಿದು ಹಾಕಿದರು. ಅವರನ್ನು ಫೇಸ್‌ಬುಕ್ ಮೂಲಕ ಒಟ್ಟುಗೂಡಿಸಿದ ಸ್ಯಾಮ್ ಜಾನ್ಸನ್ ಅವರಿಗೆ 2012ರಲ್ಲಿ ಆ ದೇಶದ ವರ್ಷದ ಯುವ ಪ್ರಜೆ ಎಂಬ ಪ್ರಶಸ್ತಿ ಬಂತು. ಒಬ್ಬರ ಹೆಸರಿನಲ್ಲಿ ಸಾವಿರ ಸಲಿಕೆಗಳಿಗೆ ಗೌರವ ಸಂದಿತೆಂದು ನಾನು ಭಾವಿಸುತ್ತೇನೆ. ಆದರೆ ಹಾಗೆ ಮಾಡುವಾಗ ಆ ಮಾತು ಸನ್ಮಾನ ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು. ನಮ್ಮ ಕೇಂದ್ರ ಸರ್ಕಾರ ವಿಪತ್ತು ನಿರ್ವಹಣೆಯಲ್ಲಿ ದುಡಿದವರಿಗೆ ಪ್ರತಿವರ್ಷ ಜನವರಿ 23ರಂದು ಪ್ರಕಟಿಸುವ ಸುಭಾಷ್ ಚಂದ್ರ ಬೋಸ್ ಆಪದಾ ಪ್ರಬಂಧನ್ ಪುರಸ್ಕಾರದಲ್ಲಿ ವ್ಯಕ್ತಿಗಳಿಗೂ ಸಂಸ್ಥೆಗಳಿಗೂ ಬೇರೆಬೇರೆ ವಿಭಾಗಗಳಿವೆ. ಸಂಸ್ಥೆ ತನಗೆ ಬಂದ ಹಣವನ್ನು ವಿಪತ್ತು ನಿರ್ವಹಣೆಯ ಕೆಲಸಕ್ಕೇ ಬಳಸಬೇಕೆಂಬ ನಿಯಮವೂ ಇದೆ. ನಿಮ್ಮದು ಚಿಕ್ಕ ಸನ್ಮಾನವಾದರೂ ಈ ವಿಂಗಡಣೆಯನ್ನು ಅನುಸರಿಸಬಹುದು, ಇಲ್ಲವಾದರೆ ಒಂಟಿಯಾಗಿ ದುಡಿದವರು ದೊಡ್ಡ ಸಂಸ್ಥೆಗಳ ಎದುರು ಪೈಪೋಟಿಗೆ ನಿಲ್ಲಬೇಕಾಗುತ್ತದೆ.

ಸಂಬಳ ಪಡೆದು ಕೆಲಸ ಮಾಡಿದವರನ್ನು ಸೇರಿಸಬಾರದೆಂಬ ವಾದವೂ ಸಭೆಯಲ್ಲಿ ಬರುತ್ತದೆ. ನಮ್ಮಲ್ಲಿ ಆ ವಾದವೇ ಗೆದ್ದು, ಕೊಳೆತ ಪ್ರಾಣಿಗಳ ಕಳೇಬರಗಳನ್ನು ದಿನಗಟ್ಟಲೆ ಹೊತ್ತು ಸಾಗಿಸಿದ ಪೌರಕಾರ್ಮಿಕರನ್ನು ಬಿಟ್ಟೆವು. ಅದು ಅವರ ಕರ್ತವ್ಯವಲ್ಲವೇ ಎಂದು ಒಬ್ಬರು ಕೇಳಿದರು, ನಾನೂ ಸುಮ್ಮನಿದ್ದೆ. ಅವರ ಕರ್ತವ್ಯದ ಗಡಿ ಎಲ್ಲಿ ಮುಗಿದಿತ್ತು, ಅದರಾಚೆ ಎಷ್ಟು ರಾತ್ರಿ ದುಡಿದರು, ತಮ್ಮ ಮನೆಗಳು ಮುಳುಗಿದ್ದಾಗಲೂ ಕೆಲಸಕ್ಕೆ ಬಂದವರೆಷ್ಟು ಎಂದು ಕೇಳಿದ್ದರೆ ಸಾಕಿತ್ತು. ನೀನು ಸುಮ್ಮನಿರಬೇಡ.

ಸನ್ಮಾನ ಪತ್ರವನ್ನು ದಯವಿಟ್ಟು ನೀನೇ ಬರೆ. ನಿಸ್ವಾರ್ಥ ಸೇವೆ, ಅಪ್ರತಿಮ ಸಾಹಸ ಎಂಬ ಮಾತುಗಳು ಯಾರಿಗೆ ಬರೆದರೂ ಒಪ್ಪುತ್ತವೆ, ಆದ್ದರಿಂದ ಯಾರಿಗೂ ಸಲ್ಲುವುದಿಲ್ಲ. ಯಾವ ದಿನ, ಯಾವ ಕಡೆ, ಏನು ಮಾಡಿದರು, ಹೇಗೆ ಮಾಡಿದರು ಎಂದು ಬರೆದು, ಅದರ ಒಂದು ಪ್ರತಿಯನ್ನು ನಗರಸಭೆಯ ಕಡತದಲ್ಲಿ ಇರಿಸು. ಮತ್ತೊಮ್ಮೆ ನೀರು ಏರಿದಾಗ ಆ ಕಡತ ತೆರೆದವರಿಗೆ, ಪರಿಹಾರ ಕೇಂದ್ರದಲ್ಲಿ ಮೊದಲ ದಿನವೇ ಔಷಧಿಯ ಪುಸ್ತಕವೊಂದನ್ನು ಆರಂಭಿಸಬೇಕೆಂಬುದು ಅಲ್ಲೇ ಸಿಗಬೇಕು. ಮೊದಲೇ ಹೋಗಿ ಒಪ್ಪಿಗೆಯನ್ನೂ ಕೇಳು. ಆ ದಿನಗಳಲ್ಲಿ ತಮ್ಮವರನ್ನು ಕಳೆದುಕೊಂಡವರು ವೇದಿಕೆ ಬೇಡವೆಂದರೆ ಒತ್ತಾಯಿಸಬೇಡ, ಪತ್ರವನ್ನು ಮನೆಗೇ ಹೋಗಿ ಕೊಟ್ಟು ಬಾ.

ನಾವು ಬಿಟ್ಟುಬಿಟ್ಟ ಆ ಹೆಣ್ಣುಮಗಳ ಹೆಸರನ್ನು ಮುಂದಿನ ವರ್ಷ ಸೇರಿಸಲು ಪ್ರಯತ್ನಿಸಿದೆ. ಆದರೆ ಮುಂದಿನ ವರ್ಷ ಸಮಿತಿಯೇ ಇರಲಿಲ್ಲ. ಈಚೆಗೆ ಅವರನ್ನು ಮತ್ತೆ ಭೇಟಿಯಾಗಿ, ಪುಸ್ತಕದ ಒಂದು ಹಾಳೆಯ ನೆರಳಚ್ಚು ತೆಗೆಯಲು ಅನುಮತಿ ಕೇಳಿದೆ. ಕೊಡುವ ಮೊದಲು ಅವರು ರೋಗಿಗಳ ಹೆಸರಿನ ಅಂಕಣದ ಮೇಲೆ ತಾವೇ ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಿದರು. ಆ ಪ್ರತಿಯನ್ನು ಇಂದಿನ ಅಂಚೆಯಲ್ಲಿ ನಿನಗೆ ಕಳುಹಿಸಿದ್ದೇನೆ. ಹೊಲಿಗೆಯ ದಾರ ಅದರಲ್ಲೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಸಭೆಯಲ್ಲಿ, ಅರ್ಜಿಗಳ ಕಟ್ಟು ಬಿಚ್ಚುವ ಮೊದಲು, ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸು.

ಇಂತಿ ನಿನ್ನ ಹಳೆಯ ಗೆಳೆಯ