‘ಗಜ್ಮಾ’ ಅನ್ನೋ ಬೈಗುಳದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ತಮಾಷೆಗೆ ಒಬ್ಬರನ್ನು ‘ಗಜ್ಮಾ’ ಅಂತ ಕರೆದಿದ್ದಾರೆ. ದಯವಿಟ್ಟು ಆ ಪದ ಇಲ್ಲಿ ಬೇಡ.

ಇದು ಈಜಿಪ್ಟಿನ ಅರೇಬಿಕ್. ಅರ್ಥ ಬೂಟು. ತುರ್ಕಿಯ ‘ಚಿಜ್ಮೆ’ಯಿಂದ ಬಂದದ್ದು. ತುರ್ಕರ ಆಳ್ವಿಕೆಯಲ್ಲಿ ಹೀಗೆ ಎಷ್ಟೋ ಪದಗಳು ಅಲ್ಲಿನ ಮಾತಿಗೆ ಸೇರಿಕೊಂಡವು. ಅಂಗಡಿಯಲ್ಲಿ ಬೂಟು ಕೇಳುವಾಗ ಅಂದರೆ ತಪ್ಪೇನಿಲ್ಲ. ಮನುಷ್ಯನಿಗೆ ಅಂದರೆ ದೊಡ್ಡ ಅವಮಾನ. ನೆಲದ ಕೊಳೆ ತುಳಿಯೋ ವಸ್ತು ಅಲ್ವಾ? ‘ಇಬ್ನ್ ಇಲ್-ಗಜ್ಮಾ’ (ಬೂಟಿನ ಮಗ) ಅಂದರೆ ಹೆತ್ತವರನ್ನೂ ಎಳೆದ ಹಾಗೆ. 2008ರಲ್ಲಿ ಬಾಗ್ದಾದ್‌ನಲ್ಲಿ ಪತ್ರಕರ್ತನೊಬ್ಬ ಅಮೆರಿಕದ ಆಗಿನ ಅಧ್ಯಕ್ಷ ಬುಷ್ ಮೇಲೆ ಬೂಟು ಎಸೆದದ್ದು ಸುಮ್ನೆ ಅಲ್ಲ. ನಮ್ಮೂರಲ್ಲೂ ಚಪ್ಪಲಿ ತೋರಿಸಿದರೆ ಏನಾಗುತ್ತದೆ, ಗೊತ್ತಲ್ಲ.

ಯುಎಇಯಲ್ಲಿರುವವರು ಜಾಸ್ತಿ ಹುಷಾರಾಗಿರಿ. ಅಲ್ಲಿ ವಾಟ್ಸಾಪ್‌ನಲ್ಲಿ ಬೈದರೂ 2021ರ ಸೈಬರ್ ಕಾನೂನಿನ ಪ್ರಕಾರ ಅಪರಾಧ. ಹಾಕಿದವರು ಆ ಮೆಸೇಜ್ ಈಗಲೇ ಅಳಿಸಿಬಿಡಿ.