ಪ್ಯಾಲೆಸ್ಟೀನ್: ಕಲ್ಲು ಹೇಳುವುದೆಷ್ಟು, ನಾವು ಹೇಳಿಸುವುದೆಷ್ಟು?

ಸಂಪಾದಕರಿಗೆ,

ಇಸ್ರೇಲ್–ಪ್ಯಾಲೆಸ್ಟೀನ್ ಚರ್ಚೆ ಎದ್ದಾಗಲೆಲ್ಲ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಯಹೂದಿಗಳು ಯುರೋಪಿನಿಂದ ಬಂದ ಪರಕೀಯರು ಎಂಬುದು ಒಂದು. ಪ್ಯಾಲೆಸ್ಟೀನಿಯರೆಂಬ ಜನವೇ ಇರಲಿಲ್ಲ, ಅಲ್ಲಿನ ಅರಬ್ಬರು ಮೊನ್ನೆ ಮೊನ್ನೆ ವಲಸೆ ಬಂದವರು ಎಂಬುದು ಇನ್ನೊಂದು. ಪುರಾವೆಯ ಮುಂದೆ ಎರಡೂ ನಿಲ್ಲುವುದಿಲ್ಲ.

ಮೊದಲು ಶಾಸನಗಳನ್ನು ನೋಡೋಣ. ಈಜಿಪ್ಟಿನ ದೊರೆ ಮೆರ್ನೆಪ್ತಾ ಸುಮಾರು ಕ್ರಿ.ಪೂ. 1208ರಲ್ಲಿ ಕೆತ್ತಿಸಿದ ಶಾಸನದಲ್ಲಿ ಇಸ್ರೇಲ್ ಎಂಬ ಜನರ ಹೆಸರಿದೆ. 1993ರಲ್ಲಿ ಉತ್ತರ ಇಸ್ರೇಲಿನ ತೆಲ್ ದಾನ್ ಉತ್ಖನನದಲ್ಲಿ ಸಿಕ್ಕ ಕ್ರಿ.ಪೂ. 9ನೇ ಶತಮಾನದ ಅರಮಾಯಿಕ್ ಶಾಸನದಲ್ಲಿ 'ದಾವೀದನ ಮನೆತನ' (ದಾವೀದ ಎಂದರೆ ಬೈಬಲ್ಲಿನಲ್ಲಿ ಬರುವ ಇಸ್ರೇಲಿನ ರಾಜ) ಎಂದಿರುವುದನ್ನು ಹೆಚ್ಚಿನ ವಿದ್ವಾಂಸರು ಒಪ್ಪಿದ್ದಾರೆ. ಅದನ್ನು ಬರೆಸಿದವನು ಶತ್ರುರಾಜ, ಹೊಗಳಿಕೆಗಾಗಿ ಬರೆಸಿದ್ದಲ್ಲ. ಹಾಗೆಂದು ದಾವೀದನ ರಾಜ್ಯ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿತ್ತೆಂಬುದನ್ನು ಆ ಕಲ್ಲು ಹೇಳುವುದಿಲ್ಲ. ವಸ್ತು ಅಗೆತದಲ್ಲಿ ಸಿಕ್ಕಿದ್ದೋ, ಮಾರುಕಟ್ಟೆಯಲ್ಲಿ ಕೊಂಡದ್ದೋ ಎಂಬುದೂ ಮುಖ್ಯ. ದಾವೀದನ ಮಗ ಸೊಲೊಮೋನ ಜೆರುಸಲೇಂನಲ್ಲಿ ಕಟ್ಟಿಸಿದನೆಂದು ಬೈಬಲ್ ಹೇಳುವ ದೇವಾಲಯದ್ದೆಂದು ಇಸ್ರೇಲ್ ವಸ್ತುಸಂಗ್ರಹಾಲಯ 1988ರಲ್ಲಿ 5.5 ಲಕ್ಷ ಡಾಲರ್ ತೆತ್ತು ಕೊಂಡ ದಂತದ ದಾಳಿಂಬೆಯ ಮೇಲಿನ ಬರಹ ನಕಲಿಯೆಂದು ಅದೇ ಸಂಗ್ರಹಾಲಯ 2004ರಲ್ಲಿ ಪ್ರಕಟಿಸಿತು. ದಂತ ಹಳೆಯದೇ, ಅಕ್ಷರ ಹೊಸದು!

ಜೆರುಸಲೇಂನಲ್ಲಿ ಯಹೂದಿ ದೇವಾಲಯ ಇರಲೇ ಇಲ್ಲ ಎನ್ನುವವರಿಗೆ 1871ರಲ್ಲಿ ಸಿಕ್ಕ ಗ್ರೀಕ್ ಶಾಸನವೇ ಉತ್ತರ: ಯಹೂದಿಯೇತರರು ದೇವಾಲಯದ ಒಳ ಆವರಣ ಹೊಕ್ಕರೆ ಸಾವು ಎಂಬ ಎಚ್ಚರಿಕೆ ಅದರಲ್ಲಿದೆ. ಜೆರುಸಲೇಂನಲ್ಲಿ ಮುಸ್ಲಿಮರ ಪವಿತ್ರ ಆವರಣವಾದ ಹರಮ್ ಅಲ್ ಶರೀಫ್ ಇರುವ ಜಾಗವೇ ಸೊಲೊಮೋನನ ದೇವಾಲಯದ ಜಾಗ, ಇದು ನಿರ್ವಿವಾದ ಎಂದು ಬ್ರಿಟಿಷ್ ಆಡಳಿತದ ಕಾಲದಲ್ಲಿ ಅಲ್ಲಿನ ಮುಸ್ಲಿಮರ ಧಾರ್ಮಿಕ ವ್ಯವಹಾರ ನೋಡಿಕೊಳ್ಳುತ್ತಿದ್ದ ಸುಪ್ರೀಂ ಮುಸ್ಲಿಂ ಕೌನ್ಸಿಲ್ ಕೂಡ 1925ರ ತನ್ನ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು.

ಇನ್ನು ಎರಡನೆಯ ಮಾತು. ರೋಮನ್ನರು ಕ್ರಿ.ಶ. 70 ಮತ್ತು 135ರಲ್ಲಿ ದಂಗೆಗಳನ್ನು ಹತ್ತಿಕ್ಕಿ, ಯಹೂದಿಗಳನ್ನು ಜೆರುಸಲೇಂನಿಂದ ಹೊರಗಟ್ಟಿದ್ದು ನಿಜ. ಆದರೆ ಇಡೀ ನಾಡು ಬರಿದಾಗಲಿಲ್ಲ. ಸುಮಾರು 200ರಲ್ಲಿ ಯಹೂದಿ ಧರ್ಮನಿಯಮಗಳ ಗ್ರಂಥ ಮಿಷ್ನಾ ಸಂಕಲನಗೊಂಡದ್ದು ಆ ನಾಡಿನ ಉತ್ತರ ಭಾಗವಾದ ಗಲಿಲಾಯದಲ್ಲೇ. ಬೈಜಾಂಟಿಯನ್ ಕಾಲದಲ್ಲಿ ಕ್ರೈಸ್ತರು ಬಹುಸಂಖ್ಯಾತರಾದರು. 7ನೇ ಶತಮಾನದ ಅರಬ್ ವಿಜಯದ ನಂತರ ಅರಬ್ಬಿ ಭಾಷೆ, ಇಸ್ಲಾಂ ಹಲವು ಶತಮಾನಗಳಲ್ಲಿ ನಿಧಾನವಾಗಿ ಬೇರೂರಿದವು. ಹೊರಗಿನಿಂದ ಬಂದವರೂ ಇದ್ದರು. ಆದರೆ ಬಹುಪಾಲು ಬದಲಾದದ್ದು ಧರ್ಮ ಮತ್ತು ನುಡಿ, ಜನರಲ್ಲ. ಅಲ್ಲಿನ ಅರಬ್ ರೈತರು ಬಹುಮಟ್ಟಿಗೆ ಪ್ರಾಚೀನ ಯಹೂದಿಗಳ ವಂಶಜರೇ ಎಂದು 1918ರಲ್ಲಿ ಯುರೋಪಿನ ಯಹೂದಿಗಳ ನುಡಿಯಾದ ಯಿದ್ದಿಷ್‌ನಲ್ಲಿ ಬರೆದವರು ಬೆನ್ ಗುರಿಯನ್ ಮತ್ತು ಬೆನ್ ಝ್ವಿ! ಮುಂದೆ ಒಬ್ಬರು ಇಸ್ರೇಲಿನ ಮೊದಲ ಪ್ರಧಾನಿ, ಇನ್ನೊಬ್ಬರು ಎರಡನೆಯ ಅಧ್ಯಕ್ಷರು.

ಊರುಗಳೂ ಇದನ್ನೇ ಹೇಳುತ್ತವೆ. 1838ರಲ್ಲಿ ಬೈಬಲ್ಲಿನ ಊರುಗಳನ್ನು ಹುಡುಕಿ ಹೊರಟ ಅಮೆರಿಕದ ಎಡ್ವರ್ಡ್ ರಾಬಿನ್ಸನ್‌ಗೆ ದಾರಿ ತೋರಿದ್ದು ಹಳ್ಳಿಯ ಅರಬ್ಬರ ಬಾಯಲ್ಲಿ ಉಳಿದಿದ್ದ ಸ್ಥಳನಾಮಗಳು. ಅನಾತಾ ಎಂಬ ಹಳ್ಳಿ ಅನಾತೋತ್, ಅಲ್ ಜಿಬ್ ಎಂಬುದು ಗಿಬ್ಯೋನ್ ಎಂದು ಅವರು ಗುರುತಿಸಿದರು. 1956ರಿಂದ ಅಲ್ ಜಿಬ್‌ನಲ್ಲಿ ನಡೆದ ಉತ್ಖನನದಲ್ಲಿ ಗಿಬ್ಯೋನ್ ಎಂದು ಹೀಬ್ರೂವಿನಲ್ಲಿ ಕೆತ್ತಿದ ಜಾಡಿಯ ಹಿಡಿಗಳು ಸಿಕ್ಕವು. ಒಂದೇ ಪುರಾವೆ ಎರಡೂ ಕಡೆಗೆ ಸಾಕ್ಷಿ: ಹೆಸರು ಪ್ರಾಚೀನ ಹೀಬ್ರೂ ಊರಿನದು, ಅದನ್ನು ಉಳಿಸಿಕೊಂಡವರು ಅರಬ್ಬಿ ಮಾತಾಡುವ ರೈತರು. ಕಂಚಿನ ಯುಗದ ಎಲುಬುಗಳ ಡಿಎನ್‌ಎ ಕುರಿತು 2020ರಲ್ಲಿ ಬಂದ ಅಧ್ಯಯನವೂ ಇಂದಿನ ಯಹೂದಿ ಸಮುದಾಯಗಳು ಮತ್ತು ಅರಬ್ಬಿ ಭಾಷಿಕರು, ಇಬ್ಬರಲ್ಲೂ ಆ ಹಳೆಯ ಜನರ ಪಾಲನ್ನು ಕಂಡಿದೆ.

'ಪ್ಯಾಲೆಸ್ಟೀನಿಯರೆಂಬುದೇ ಇರಲಿಲ್ಲ' ಎಂದು 1969ರಲ್ಲಿ ಇಸ್ರೇಲಿನ ಆಗಿನ ಪ್ರಧಾನಿ ಗೋಲ್ಡಾ ಮೇಯರ್ ಹೇಳಿದ್ದರು. ಆದರೆ ಅಲ್ಲಿನ ಯಾಫಾ ಪಟ್ಟಣದಲ್ಲಿ 'ಫಲಸ್ತೀನ್' (ಪ್ಯಾಲೆಸ್ಟೀನ್‌ನ ಅರಬ್ಬಿ ಹೆಸರು) ಎಂಬ ಪತ್ರಿಕೆ 1911ರಲ್ಲೇ ಆರಂಭವಾಗಿತ್ತು. 1922ರ ಬ್ರಿಟಿಷ್ ಜನಗಣತಿಯ ಸುಮಾರು 7.57 ಲಕ್ಷ ಜನರಲ್ಲಿ ಯಹೂದಿಗಳು ಸುಮಾರು 84 ಸಾವಿರ. ರಾಷ್ಟ್ರೀಯತೆ ಹೊಸದು ಎಂಬ ತಕರಾರಾದರೆ, ಯಹೂದಿಗಳಿಗೆ ಅಲ್ಲಿ ಸ್ವಂತ ನೆಲೆ ಬೇಕೆಂಬ ಝಿಯೋನಿಸ್ಟ್ ಚಳವಳಿಯ ಮೊದಲ ಸಮಾವೇಶ ಬಾಸೆಲ್‌ನಲ್ಲಿ ನಡೆದದ್ದೂ 1897ರಲ್ಲಷ್ಟೇ.

ಆದರೆ ಮೆರ್ನೆಪ್ತಾನ ಕಲ್ಲಾಗಲಿ ಡಿಎನ್‌ಎ ಆಗಲಿ ಯಾವ ಹೊಲ ಯಾರದೆಂದು ತೀರ್ಮಾನಿಸಲಾರವು. ಅದಕ್ಕೆ ಬೇರೆಯೇ ಕಾಗದಗಳಿವೆ: ಒಟ್ಟೋಮನ್ ಕಾಲದ ಭೂನೋಂದಣಿ, ಬ್ರಿಟಿಷ್ ಆಡಳಿತದ ತೆರಿಗೆ ಪಟ್ಟಿ. ಇಂಥ ದಾಖಲೆಗಳ ಆಧಾರದಲ್ಲಿ 1948ರ ಯುದ್ಧದ ಅರಬ್ ನಿರಾಶ್ರಿತರ ಆಸ್ತಿಯನ್ನು ಗುರುತಿಸುವ ಕೆಲಸವನ್ನು ವಿಶ್ವಸಂಸ್ಥೆಯ ಸಂಧಾನ ಆಯೋಗ 1964ರಲ್ಲಿ ಮುಗಿಸಿದೆ. ಅರಬ್ ದೇಶಗಳಿಂದ ಹೊರಬಿದ್ದ ಯಹೂದಿಗಳ ಆಸ್ತಿಯ ಲೆಕ್ಕವೂ ಇದೇ ಬಗೆಯ ಕಾಗದಗಳಿಂದಲೇ ಆಗಬೇಕು.